ಮನೆಯೊಳಗಿನ ಪಾಮ್ ಗಿಡ: ಹೆಸರನ್ನು ನಂಬದೆ ಲಕ್ಷಣವನ್ನು ನೋಡತಕ್ಕದ್ದು

ಅನುಕೂಲಸ್ಥರು ಹೊಸದಾಗಿ ಮನೆ ಕಟ್ಟಿದಾಗ ಮುಂಬಾಗಿಲಿನ ಎರಡು ಪಕ್ಕಗಳಲ್ಲಿಯೂ ಮೊಗಸಾಲೆಯ ಮೂಲೆಗಳಲ್ಲಿಯೂ ಕುಂಡದಲ್ಲಿ ಬೆಳೆದ ತಾಳೆಯ ಜಾತಿಯ ಗಿಡಗಳನ್ನು ಇಡುವ ವಾಡಿಕೆಯು ಈಚೆಗೆ ಹಳ್ಳಿಗಳಲ್ಲಿಯೂ ಹಬ್ಬುತ್ತಲಿದೆ. ಪಟ್ಟಣದ ನರ್ಸರಿಗಳಿಂದ ಬರುವ ಇಂಥ ಗಿಡಗಳಲ್ಲಿ ಬಹಳ ಬಳಕೆಯಲ್ಲಿರುವುದು 'ಅರೆಕಾ ಪಾಮ್' ಎಂಬ ಹೆಸರಿನದು. ಅಡಿಕೆಯನ್ನು ತಲೆತಲಾಂತರದಿಂದ ಬೆಳೆದುಕೊಂಡು ಬಂದಿರುವ ನಮ್ಮ ಮಲೆನಾಡು, ಕರಾವಳಿ ಮತ್ತು ಬಯಲುಸೀಮೆಯ ತೋಟಗಾರರು ಈ ಹೆಸರನ್ನು ಕೇಳಿದೊಡನೆಯೇ ಇದು ನಮ್ಮ ಅಡಿಕೆಯ ಒಂದು ತಳಿಯಾಗಿರಬೇಕೆಂದು ಭಾವಿಸುವುದು ಸಹಜ. ಆದರೆ ಅದು ಅಡಿಕೆಯಲ್ಲ. ಅಡಿಕೆಯ ತಳಿಯೂ ಅಲ್ಲ.

ಇಂಥ ಗಿಡವನ್ನು ಮನೆಗೆ ತರಬಾರದೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಮನೆಯ ಅಂದವನ್ನು ಬಯಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅಡಿಕೆಯನ್ನೂ ತೆಂಗನ್ನೂ ನಂಬಿ ಬಾಳುವ ಜಮೀನುದಾರರು ಅದೇ ವರ್ಗಕ್ಕೆ ಸೇರಿದ ಪರದೇಶದ ಗಿಡವೊಂದನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳುವ ಮೊದಲು ಮೂರು ಸಂಗತಿಗಳನ್ನು ತಿಳಿದಿರಬೇಕೆಂಬುದು ನಮ್ಮ ಅಭಿಪ್ರಾಯ. ಅದು ನಿಜವಾಗಿ ಯಾವ ಗಿಡ, ಮನೆಯೊಳಗೆ ಬಾಳಲು ಅದಕ್ಕೆ ಏನೇನು ಬೇಕು, ಅದರ ಬೆನ್ನು ಹತ್ತಿ ನಮ್ಮ ತೋಟಕ್ಕೆ ಏನೇನು ಬರಬಹುದು ಎಂಬವೇ ಆ ಮೂರು ಸಂಗತಿಗಳು. ಇವುಗಳಲ್ಲಿ ಮೂರನೆಯದನ್ನು ನಮ್ಮವರು ಎಲ್ಲಕ್ಕಿಂತ ಕಡಮೆ ಯೋಚಿಸುತ್ತಾರೆ. ನಷ್ಟವಾಗುವುದಾದರೆ ಅದರಿಂದಲೇ ಹೆಚ್ಚು.

ಮೊದಲು ಹೆಸರಿನ ವಿಷಯ. 'ಅರೆಕಾ' ಎಂಬುದು ಮೂಲದಲ್ಲಿ ನಮ್ಮ ಕಡೆಯ ಮಾತೇ. ಪಶ್ಚಿಮ ಕರಾವಳಿಯ ಭಾಷೆಗಳಲ್ಲಿನ ಅಡಿಕೆ, ಅಡಯ್ಕ ಮುಂತಾದ ಮಾತುಗಳು ಪೋರ್ಚುಗೀಸರ ಬಾಯಲ್ಲಿ ಅರೆಕಾ ಎಂದಾಗಿ ಯೂರೋಪಿಗೆ ಹೋದವು. ಸ್ವೀಡನ್ ದೇಶದ ಸಸ್ಯವಿಜ್ಞಾನಿ ಲಿನೇಯಸನು ೧೭೫೩ರಲ್ಲಿ ನಮ್ಮ ಅಡಿಕೆ ಮರಕ್ಕೆ 'ಅರೆಕಾ ಕ್ಯಾಟೆಚು' ಎಂದು ಹೆಸರಿಟ್ಟನು. ಆದುದರಿಂದ ಈ ಹೆಸರಿಗೆ ನ್ಯಾಯವಾದ ಹಕ್ಕುದಾರ ನಮ್ಮ ಅಡಿಕೆಯೇ. ಕುಂಡದ ಗಿಡವಾದರೋ ಆಫ್ರಿಕಾ ಖಂಡದ ಪೂರ್ವಕ್ಕಿರುವ ಮಡಗಾಸ್ಕರ್ ದ್ವೀಪಕ್ಕೆ ಸೇರಿದುದು. ಹೂವಿನ ಗಿಡಗಳ ವ್ಯಾಪಾರಿಗಳು ಹಿಂದೆ ಅದನ್ನು 'ಅರೆಕಾ ಲುಟೆಸೆನ್ಸ್' ಎಂದು ಕರೆದು ಮಾರುತ್ತಿದ್ದರು; ಶಾಸ್ತ್ರಜ್ಞರು ಆ ಹೆಸರನ್ನು ಕೈಬಿಟ್ಟರೂ ವ್ಯಾಪಾರಿಗಳು ಅದರ ಮೊದಲರ್ಧವನ್ನು ಬಿಡಲಿಲ್ಲ. ಹೆರ್ಮಾನ್ ವೆಂಡ್‌ಲ್ಯಾಂಡ್ ಎಂಬ ಜರ್ಮನ್ ಪಂಡಿತನು ೧೮೭೮ರಲ್ಲಿ ಇದಕ್ಕೆ 'ಕ್ರಿಸಾಲಿಡೋಕಾರ್ಪಸ್ ಲುಟೆಸೆನ್ಸ್' ಎಂಬ ಹೆಸರನ್ನು ಕೊಟ್ಟನು. ೧೯೯೫ರಲ್ಲಿ ಇದನ್ನು 'ಡಿಪ್ಸಿಸ್' ಎಂಬ ಕುಲಕ್ಕೆ ಸೇರಿಸಲಾಯಿತು. ೨೦೨೨ರಲ್ಲಿ ಮತ್ತೆ ವೆಂಡ್‌ಲ್ಯಾಂಡನ ಹೆಸರೇ ಮಾನ್ಯವಾಯಿತು. ಪುಸ್ತಕಗಳಲ್ಲಿಯೂ ನರ್ಸರಿಯ ಚೀಟಿಗಳಲ್ಲಿಯೂ ಈ ಎರಡರಲ್ಲಿ ಯಾವುದನ್ನು ಕಂಡರೂ ಗಿಡ ಒಂದೇ ಎಂದು ತಿಳಿಯತಕ್ಕುದು. 'ಲುಟೆಸೆನ್ಸ್' ಎಂದರೆ ಹಳದಿಗೆ ತಿರುಗುವಂಥದು ಎಂದು ಅರ್ಥ. ನಾವು ಇದನ್ನು ಹಳದಿದಂಟಿನ ಪಾಮ್ ಎಂದು ಕರೆದರೆ ಗೊಂದಲವು ಬಹುಮಟ್ಟಿಗೆ ತಪ್ಪೀತು. ಮುಂದೆ ಈ ಲೇಖನದಲ್ಲಿ ಆ ಹೆಸರನ್ನೇ ಬಳಸಿದೆ.

ಇನ್ನು ಗುರುತುಗಳನ್ನು ನೋಡೋಣ. ನಮ್ಮ ಅಡಿಕೆಯದು ಒಂಟಿ ಕಾಂಡ. ಬುಡದಲ್ಲಿ ಕಂದುಗಳು ಒಡೆಯುವುದಿಲ್ಲ. ಹಳದಿದಂಟಿನ ಪಾಮ್ ಬಿದಿರಿನ ಮೆಳೆಯಂತೆ ಒಂದೇ ಬುಡದಿಂದ ಅನೇಕ ಕಾಂಡಗಳನ್ನು ಎಬ್ಬಿಸುತ್ತದೆ; ಕಾಂಡಗಳ ಮೇಲೆ ಉದುರಿದ ಸೋಗೆಗಳ ಕಲೆಗಳು ಬಿದಿರಿನ ಗಿಣ್ಣುಗಳಂತೆ ಬಳೆಬಳೆಯಾಗಿ ಕಾಣುತ್ತವೆ. ಅಡಿಕೆಯ ಸೋಗೆಯ ಎಸಳುಗಳು ಅಗಲವಾಗಿದ್ದು, ತುದಿಯ ಎಸಳುಗಳು ಒಂದಕ್ಕೊಂದು ಕೂಡಿಕೊಂಡು ಕತ್ತರಿಸಿದಂತೆ ಹಲ್ಲುಹಲ್ಲಾಗಿರುತ್ತವೆ. ಹಳದಿದಂಟಿನ ಪಾಮ್‌ನ ಎಸಳುಗಳು ಕಿರಿದಾಗಿ, ತುದಿಯಲ್ಲಿ ಚೂಪಾಗಿ, ನಡುದಂಟಿನ ಎರಡು ಕಡೆಗಳಿಂದಲೂ ಮೇಲಕ್ಕೆ ಎದ್ದು ನಿಂತಿರುತ್ತವೆ; ಇಡೀ ಸೋಗೆಯು ಬಿಲ್ಲಿನಂತೆ ಬಾಗುತ್ತದೆ. ಸೋಗೆಯ ದಂಟು ಬಿಸಿಲಿನಲ್ಲಿ ಹೊಂಬಣ್ಣಕ್ಕೆ ತಿರುಗುತ್ತದೆ. ಮನೆಯೊಳಗಿನ ನೆರಳಿನಲ್ಲಿ ಅದೇ ದಂಟು ಹಸಿರಾಗಿ ಉಳಿಯುವುದರಿಂದ ಬಣ್ಣವೊಂದನ್ನೇ ನಂಬಿ ತೀರ್ಮಾನಕ್ಕೆ ಬರಬಾರದು. ಎಳೆಯ ಗಿಡಗಳ ದಂಟಿನ ಮೇಲೆ ಸಣ್ಣ ಕಪ್ಪು ಚುಕ್ಕೆಗಳಿರುವುದು ಈ ಜಾತಿಯ ಸ್ವಭಾವ. ಅದನ್ನು ರೋಗವೆಂದು ತಿಳಿದು ಔಷಧ ಹೊಡೆಯುವವರಿದ್ದಾರೆ, ಅದರ ಅಗತ್ಯವಿಲ್ಲ. ಇದರ ಕಾಯಿ ದ್ರಾಕ್ಷಿಯಷ್ಟು ಚಿಕ್ಕದು, ಮಾಗಿದಾಗ ಹಳದಿ. ತಾಂಬೂಲಕ್ಕೆ ಉಪಯೋಗಕ್ಕೆ ಬರತಕ್ಕದ್ದಲ್ಲ.

ಬೆಳೆದ ಗಿಡಗಳನ್ನು ಗುರುತಿಸುವುದು ಹೀಗೆ ಸುಲಭವೇ. ಕಷ್ಟವಿರುವುದು ಸಸಿಗಳಲ್ಲಿ. ಅಡಿಕೆಯ ಸಸಿಯ ಮೊದಲ ಎಲೆಯೂ ಹಳದಿದಂಟಿನ ಪಾಮ್‌ನ ಸಸಿಯ ಮೊದಲ ಎಲೆಯೂ ನಡುವೆ ಸೀಳಿ ಎರಡಾದ ಆಕಾರದಲ್ಲಿಯೇ ಇರುತ್ತವೆ. ಅಡಿಕೆಯ ಸಸಿಯು ಹೆಚ್ಚು ದಪ್ಪ. ಅದರ ಬುಡವನ್ನು ಮೆಲ್ಲನೆ ಕೆದಕಿದರೆ ನೆಟ್ಟ ಗೋಟಡಿಕೆಯ ಸಿಪ್ಪೆ ಇನ್ನೂ ಅಂಟಿಕೊಂಡಿರುವುದನ್ನು ಕಾಣಬಹುದು. ಅಲ್ಲದೆ ಒಂದು ಚೀಲದಲ್ಲಿ ಒಂದೇ ಅಡಿಕೆ ಸಸಿಯನ್ನು ಬೆಳೆಸುವುದು ಪದ್ಧತಿ. ಹಳದಿದಂಟಿನ ಪಾಮ್‌ನ ಕುಂಡವು ತುಂಬಿ ಕಾಣಲೆಂದು ಹತ್ತಿಪ್ಪತ್ತು ಸಸಿಗಳನ್ನು ಒಟ್ಟಿಗೆ ನೆಟ್ಟಿರುತ್ತಾರೆ. ಅಡಿಕೆ ಫಲಕ್ಕೆ ಬರಲು ಐದಾರು ವರ್ಷಗಳಾದರೂ ಬೇಕು. ಗುರುತಿಸದೆ ನೆಟ್ಟ ಸಸಿಯ ತಪ್ಪು ತಿಳಿಯುವ ಹೊತ್ತಿಗೆ ಹಣಕ್ಕಿಂತಲೂ ಮಿಗಿಲಾಗಿ ವರ್ಷಗಳೇ ಕಳೆದುಹೋಗಿರುತ್ತವೆ. ಆದಕಾರಣ ತೋಟಕ್ಕೆ ಬೇಕಾದ ಅಡಿಕೆ ಸಸಿಗಳನ್ನು ಅಲಂಕಾರದ ಗಿಡಗಳನ್ನು ಮಾರುವವರಲ್ಲಿ ಕೊಳ್ಳಲೇಬಾರದು. ವಿಟ್ಲದ ಸಂಶೋಧನಾ ಕೇಂದ್ರ, ಇಲಾಖೆಯ ಸಸ್ಯಕ್ಷೇತ್ರಗಳು, ಇಲ್ಲವೇ ತಾಯಿಮರವನ್ನು ಕಣ್ಣಾರೆ ತೋರಿಸಬಲ್ಲ ನೆರೆಯ ತೋಟಗಾರರು, ಇವರಿಂದಲೇ ಪಡೆಯತಕ್ಕದ್ದು.

ನರ್ಸರಿಗಳಲ್ಲಿ ಪಾಮ್ ಎಂಬ ಹೆಸರಿನಿಂದ ಮಾರುವ ಬೇರೆ ಗಿಡಗಳನ್ನೂ ತಿಳಿದಿರುವುದು ಒಳ್ಳೆಯದು. ಮೆಕ್ಸಿಕೋ ಕಡೆಯ ಚಾಮೆಡೋರಿಯಾ ಗಿಡ್ಡನೆಯದು, ಹೆಚ್ಚು ನೆರಳನ್ನು ತಡೆಯಬಲ್ಲದು. ದಕ್ಷಿಣ ಚೀಣದ ರಾಪಿಸ್‌ನ ಎಲೆಯು ಬೀಸಣಿಗೆಯಂತೆ ಸೀಳಿರುತ್ತದೆ. ಅದರ ತೆಳುವಾದ ಕಾಂಡದ ಸುತ್ತ ನಾರು ಹೆಣೆದುಕೊಂಡಿರುತ್ತದೆ. ಮೀನಿನ ಬಾಲದಂಥ ಎಸಳುಗಳುಳ್ಳದ್ದು ನಮ್ಮ ಕಾಡಿನ ಬಗನಿಯ ಕುಲಕ್ಕೆ ಸೇರಿದುದು. ಅದರ ಹಣ್ಣಿನ ರಸ ತಾಗಿದರೆ ಚರ್ಮ ವಿಪರೀತ ತುರಿಸುವುದೆಂಬುದನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಎಲ್ಲಕ್ಕಿಂತಲೂ ಎಚ್ಚರದಿಂದಿರಬೇಕಾದುದು 'ಸಾಗೋ ಪಾಮ್' ಎಂಬುದರ ವಿಷಯದಲ್ಲಿ. ಅದು ತಾಳೆಯ ವರ್ಗಕ್ಕೆ ಸೇರಿದುದೇ ಅಲ್ಲ. ಸೈಕಸ್ ಎಂಬ ಬೇರೊಂದು ಪುರಾತನ ವರ್ಗದ್ದು. ಗಡುಸಾದ, ತುದಿಯಲ್ಲಿ ಮುಳ್ಳಿನಂತೆ ಚುಚ್ಚುವ ಎಸಳುಗಳು ಒರಟು ಬುಡದ ನೆತ್ತಿಯಿಂದ ಸುತ್ತಲೂ ಹರಡಿರುವುದೇ ಅದರ ಗುರುತು. ಅದರ ಎಲ್ಲ ಭಾಗಗಳಲ್ಲಿಯೂ, ವಿಶೇಷವಾಗಿ ಬೀಜದಲ್ಲಿ, ಯಕೃತ್ತನ್ನು ಕೆಡಿಸುವ ವಿಷವುಂಟು. ಕಚ್ಚಿ ತಿಂದ ನಾಯಿಗಳೂ ದನಗಳೂ ಸಾಯುವುದುಂಟು. ಅಂಬೆಗಾಲಿಡುವ ಕೂಸುಗಳೂ ಕರುಗಳೂ ಓಡಾಡುವ ಮನೆಯಲ್ಲಿ ಅದಕ್ಕೆ ಎಡೆಗೊಡಬಾರದು. ಹಳದಿದಂಟಿನ ಪಾಮ್‌ನಲ್ಲಿ ಇಂಥ ವಿಷವಿಲ್ಲ.

ಬೆಳೆಸುವ ಕ್ರಮವು ಕಷ್ಟದ್ದಲ್ಲ; ಆದರೆ ತೋಟದ ಅಡಿಕೆಗೆ ಮಾಡುವ ಉಪಚಾರವನ್ನೇ ಇದಕ್ಕೂ ಮಾಡಿದರೆ ಗಿಡ ಉಳಿಯುವುದಿಲ್ಲ. ಬೆಳಕು ಧಾರಾಳವಾಗಿರಬೇಕು, ಬಿಸಿಲು ನೇರವಾಗಿ ಬೀಳಬಾರದು. ಪೂರ್ವದ ಕಿಟಕಿಯ ಬಳಿ, ತೊಟ್ಟಿಯ ಅಂಚು, ಜಗುಲಿಯ ನೆರಳು, ಇವು ತಕ್ಕ ಸ್ಥಳಗಳು. ಮಧ್ಯಾಹ್ನದ ಬಿಸಿಲು ಬಿದ್ದರೆ ಎಸಳುಗಳು ಸೀದುಹೋಗುತ್ತವೆ. ಕತ್ತಲೆಯ ಮೂಲೆಯಲ್ಲಿಟ್ಟರೆ ಕೆಲವು ತಿಂಗಳು ಹಸಿರಾಗಿದ್ದು ಆಮೇಲೆ ಒಂದೊಂದಾಗಿ ಸೋಗೆಗಳು ಒಣಗುತ್ತವೆ. ಕುಂಡದ ತಳದಲ್ಲಿ ನೀರು ಹೊರಹೋಗಲು ರಂಧ್ರವಿರಲೇಬೇಕು. ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಇವುಗಳನ್ನು ಸಮಭಾಗವಾಗಿ ಬೆರೆಸಿ ತುಂಬಬಹುದು. ಮೇಲಿನ ಒಂದು ಅಂಗುಲ ಮಣ್ಣು ಒಣಗಿದೆಯೇ ಎಂದು ಬೆರಳಿನಿಂದ ನೋಡಿ, ಒಣಗಿದ್ದರೆ ಮಾತ್ರ ತಳದಿಂದ ಹರಿಯುವವರೆಗೆ ನೀರು ಕೊಡಬೇಕು. ದಿನಂಪ್ರತಿ ನೀರು ಹೊಯ್ಯುವುದರಿಂದ ಬೇರು ಕೊಳೆಯುವುದು. ಮನೆಯೊಳಗೆ ಸಾಯುವ ಗಿಡಗಳಲ್ಲಿ ಬಹುಪಾಲು ಸಾಯುವುದು ಬಾಯಾರಿಕೆಯಿಂದಲ್ಲ, ಅತಿಯಾದ ಪ್ರೀತಿಯಿಂದ.

ನೀರಿನ ಗುಣವೂ ಮುಖ್ಯ. ಈ ಗಿಡವು ಫ್ಲೋರೈಡನ್ನು ಸಹಿಸಲಾರದು. ನೀರಿನಲ್ಲಿ ಅದು ಹೆಚ್ಚಿದ್ದರೆ ಎಸಳುಗಳ ತುದಿ ಕಂದಾಗಿ ಒಣಗುತ್ತ ಬರುತ್ತದೆ. ಪಾವಗಡ, ಕೋಲಾರ ಮೊದಲಾದ ಕಡೆಗಳ ಆಳವಾದ ಕೊಳವೆಬಾವಿಗಳ ನೀರಿನಲ್ಲಿ ಈ ದೋಷವಿರುವುದು ಎಲ್ಲರಿಗೂ ತಿಳಿದ ವಿಷಯ. ಅಂಥ ಊರುಗಳಲ್ಲಿ ಸೂರಿನಿಂದ ಹಿಡಿದ ಮಳೆಯ ನೀರನ್ನೇ ಕೊಡುವುದು ಉತ್ತಮ. ಮನೆಯಲ್ಲಿ ಹೇಗೂ ಇದೆಯೆಂದು ಒಂದು ಹಿಡಿ ಸೂಪರ್ ಫಾಸ್ಫೇಟನ್ನು ಕುಂಡಕ್ಕೆ ಹಾಕುವ ಅಭ್ಯಾಸವನ್ನೂ ಬಿಡಬೇಕು. ಆ ಗೊಬ್ಬರದಲ್ಲಿಯೂ ಫ್ಲೋರೈಡಿನ ಅಂಶವುಂಟು. ಮಳೆಗಾಲದ ಮೊದಲೂ ಅನಂತರವೂ ಸ್ವಲ್ಪ ಎರೆಗೊಬ್ಬರವನ್ನು ಮೇಲ್ಮಣ್ಣಿಗೆ ಬೆರೆಸಿದರೆ ಸಾಕು. ಕಾಂಡದ ಸುಳಿಯನ್ನು ಎಂದಿಗೂ ಚಿವುಟಬಾರದು; ಸುಳಿ ಹೋದರೆ ಆ ಕಾಂಡವು ತೆಂಗಿನಂತೆಯೇ ಸಾಯುವುದು. ಗಿಡವನ್ನು ಹೆಚ್ಚಿಸಲು ಕಡ್ಡಿ ನೆಟ್ಟು ಪ್ರಯೋಜನವಿಲ್ಲ. ಬುಡವನ್ನು ಬೇರುಸಹಿತ ಬಿಡಿಸಿ ನೆಡಬೇಕು, ಇಲ್ಲವೇ ಹೊಸ ಬೀಜವನ್ನು ಬೆಚ್ಚನೆಯ ಕಾಲದಲ್ಲಿ ಬಿತ್ತಬೇಕು.

ಈ ಗಿಡವನ್ನು ಕುರಿತು ವ್ಯಾಪಾರಿಗಳು ಆಡುವ ದೊಡ್ಡ ಮಾತೊಂದುಂಟು. ಇದು ಮನೆಯ ಗಾಳಿಯ ವಿಷವನ್ನೆಲ್ಲ ಹೀರಿ ಶುದ್ಧಮಾಡುವುದೆಂದು ಹೇಳಿ ಬೆಲೆಯನ್ನು ಏರಿಸುತ್ತಾರೆ. ಅಮೆರಿಕಾದ ನಾಸಾ ಸಂಸ್ಥೆಯು ೧೯೮೯ರಲ್ಲಿ ಪ್ರಕಟಿಸಿದ ಒಂದು ವರದಿಯಿಂದ ಮನೆಯ ಗಿಡಗಳಿಗೆ ಈ ಕೀರ್ತಿ ಬಂದಿತು. ಆದರೆ ಆ ಪರೀಕ್ಷೆಗಳು ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಚಿಕ್ಕ ಪೆಟ್ಟಿಗೆಗಳಲ್ಲಿ. ಇಂಥ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ಅಮೆರಿಕಾದ ಸಂಶೋಧಕರು ೨೦೧೯ರಲ್ಲಿ ಲೆಕ್ಕಹಾಕಿ ನೋಡಿದರು. ಕಟ್ಟಡದೊಳಗೆ ಸಾಮಾನ್ಯವಾಗಿ ಆಡುವ ಗಾಳಿಯು ಮಾಡುವಷ್ಟು ಶುದ್ಧಿಯನ್ನು ಗಿಡಗಳಿಂದಲೇ ಪಡೆಯಬೇಕಾದರೆ ನೆಲದ ಒಂದೊಂದು ಚದರ ಮೀಟರಿಗೂ ೧೦ರಿಂದ ೧೦೦೦ದವರೆಗೆ ಗಿಡಗಳನ್ನು ಇಡಬೇಕಾಗುವುದೆಂದು ಅವರು ಕಂಡುಕೊಂಡರು. ಅಷ್ಟು ಗಿಡಗಳನ್ನಿಟ್ಟ ಮೇಲೆ ಮನೆಯವರು ಅಂಗಳದಲ್ಲಿ ಮಲಗಬೇಕಾದೀತು. ಎರಡು ಕಿಟಕಿಗಳನ್ನು ತೆರೆದಿಡುವುದಕ್ಕೆ ಕಾಸೂ ಖರ್ಚಿಲ್ಲ. ಗಿಡವನ್ನು ಅಂದಕ್ಕಾಗಿ ಕೊಳ್ಳಬಹುದು, ಔಷಧವೆಂದು ಕೊಳ್ಳಬಾರದು.

ಈಗ ತೋಟದ ವಿಷಯಕ್ಕೆ ಬರೋಣ. ಅಡಿಕೆ, ತೆಂಗು, ಹಳದಿದಂಟಿನ ಪಾಮ್ ಇವು ಒಂದೇ ವರ್ಗದವಾದ್ದರಿಂದ ಒಂದರ ಮೇಲೆ ಬಾಳುವ ಕೀಟವು ಇನ್ನೊಂದರ ಮೇಲೆಯೂ ಬಾಳಬಲ್ಲದು. ತೆಂಗಿನ ಸೋಗೆಯ ಕೆಳಗೆ ಸುರುಳಿಸುರುಳಿಯಾಗಿ ಬಿಳಿಯ ಮೇಣದ ಗೆರೆಗಳನ್ನೆಳೆದು ಮೊಟ್ಟೆಯಿಡುವ ಬಿಳಿನೊಣವನ್ನು ಬಹುಮಂದಿ ಕಂಡಿರುತ್ತಾರೆ. ಅದು ಮಧ್ಯ ಅಮೆರಿಕಾದ ಕೀಟ. ೨೦೧೬ರಲ್ಲಿ ತಮಿಳುನಾಡಿನ ಪೊಳ್ಳಾಚಿಯ ಸುತ್ತಿನಲ್ಲಿಯೂ ಕೇರಳದಲ್ಲಿಯೂ ಮೊದಲು ಕಾಣಿಸಿಕೊಂಡು, ಬೇಗನೆ ಕರ್ನಾಟಕಕ್ಕೂ ಆಂಧ್ರಕ್ಕೂ ಹಬ್ಬಿತು. ತೆಂಗಿನ ಮೇಲೆ ಮಾತ್ರವಲ್ಲದೆ ಬಾಳೆಯ ಮೇಲೆಯೂ ಈ ಕುಂಡದ ಪಾಮ್‌ನ ಮೇಲೆಯೂ ಅದು ಬಾಳುತ್ತದೆ. ಕೆಂಪು ನುಸಿಯೂ ಹಾಗೆಯೇ. ೧೯೨೪ರಲ್ಲಿ ಕೊಯಮತ್ತೂರಿನ ತೆಂಗಿನ ಮೇಲಿಂದ ಶಾಸ್ತ್ರಕ್ಕೆ ಪರಿಚಯವಾದ ಆ ಕೀಟಕ್ಕೆ ಅಡಿಕೆಯೂ ಆಹಾರ, ಹಳದಿದಂಟಿನ ಪಾಮ್ ಕೂಡ ಆಹಾರ. ಇವು ತಾವಾಗಿ ಹಾರಿ ಬಲುದೂರ ಹೋಗಲಾರವು. ಗಿಡಗಳೊಡನೆ ಲಾರಿಯಲ್ಲಿ ಒಂದು ರಾತ್ರಿಯೊಳಗೆ ಜಿಲ್ಲೆಯಿಂದ ಜಿಲ್ಲೆಗೆ ಹೋಗಬಲ್ಲವು.

ಒಂದು ಕುಂಡದಿಂದ ತೋಟಕ್ಕೆ ಏನಾದೀತು ಎಂದು ಕೇಳುವವರಿದ್ದಾರೆ. ಬಿಳಿನೊಣವು ಮರವನ್ನು ಒಮ್ಮೆಗೇ ಕೊಲ್ಲುವುದಿಲ್ಲವೆಂಬುದು ನಿಜ. ಆದರೆ ಅದು ಸುರಿಸುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆಗಳನ್ನು ಮುಚ್ಚಿ ಮರವನ್ನು ಸೊರಗಿಸುತ್ತದೆ. ಎತ್ತರದ ಮರಗಳಿಗೆ ಔಷಧ ಹೊಡೆಯುವುದು ಕಷ್ಟ. ಹೊಡೆದರೂ ಆ ನೊಣವನ್ನು ಹತೋಟಿಯಲ್ಲಿಡುವ ಎನ್‌ಕಾರ್ಸಿಯಾ ಎಂಬ ಸಣ್ಣ ಪರತಂತ್ರ ಕಣಜವೂ ಸಾಯುತ್ತದೆ. ಹೀಗೆ ತೋಟಕ್ಕೆ ಹೊಕ್ಕ ಮೇಲೆ ಉಪಾಯ ಕಡಮೆ. ಬಾಗಿಲಲ್ಲೇ ತಡೆಯುವುದು ಸುಲಭ. ಇಲ್ಲಿ ನಮ್ಮವರ ಒಂದು ರೂಢಿಯನ್ನು ವಿಶೇಷವಾಗಿ ಹೇಳಬೇಕು. ಮನೆಯೊಳಗೆ ಸೊರಗಿದ ಗಿಡವನ್ನು ಚೇತರಿಸಿಕೊಳ್ಳಲೆಂದು ಅಡಿಕೆ ತೋಟದ ತಂಪಾದ ನೆರಳಿನಲ್ಲಿ ಕೆಲವು ದಿನ ಇಡುತ್ತಾರೆ. ಸತ್ತುಹೋದರೆ ತೋಟದ ಅಂಚಿನ ಗೊಬ್ಬರದ ಗುಂಡಿಗೆ ಎಸೆಯುತ್ತಾರೆ. ಸೊರಗಿದ ಗಿಡಗಳಲ್ಲಿಯೇ ಕೀಟವಿರುವ ಸಂಭವ ಹೆಚ್ಚಾದುದರಿಂದ ರೋಗಿಯನ್ನು ತೊಟ್ಟಿಲ ಮಕ್ಕಳ ನಡುವೆ ಮಲಗಿಸಿದಂತೆ ಈ ರೂಢಿಯಾಗಿದೆ. ಇದನ್ನು ಪೂರ್ತಿಯಾಗಿ ಬಿಡತಕ್ಕದ್ದು.

ಇದರ ಬದಲಿಗೆ ಅನುಸರಿಸಬೇಕಾದ ಕ್ರಮ ಹೀಗೆ. ಕೊಳ್ಳುವಾಗ ಎಸಳುಗಳನ್ನು ಮಗುಚಿ ಕೆಳಭಾಗವನ್ನು ನೋಡಬೇಕು. ಬಿಳಿಯ ಮೇಣ, ಕೆಂಪು ಧೂಳಿನಂಥ ಚುಕ್ಕೆ, ಜಿಗುಟು, ಕಪ್ಪು ಬೂಷ್ಟು ಇವುಗಳಲ್ಲಿ ಯಾವುದೊಂದು ಕಂಡರೂ ಎಷ್ಟು ಅಗ್ಗವಾಗಿ ಕೊಟ್ಟರೂ ಬೇಡವೆನ್ನಬೇಕು. ತಂದ ಗಿಡವನ್ನು ಒಂದು ತಿಂಗಳಾದರೂ ತೋಟಕ್ಕೆ ದೂರವಾದ ರಸ್ತೆಯ ಕಡೆಯ ಜಗುಲಿಯಲ್ಲಿಟ್ಟು ವಾರಕ್ಕೊಮ್ಮೆ ಪರೀಕ್ಷಿಸಬೇಕು. ಎಲೆಗಳ ಎರಡು ಮಗ್ಗುಲನ್ನೂ ಒದ್ದೆಬಟ್ಟೆಯಿಂದ ಒರಸುತ್ತಿದ್ದರೆ ನುಸಿಯೂ ಧೂಳೂ ಹೋಗುತ್ತವೆ. ಕೀಟ ಕಂಡರೆ ಸಾಬೂನಿನ ನೀರಿನಿಂದಲೂ ಬೇವಿನ ಎಣ್ಣೆಯ ದ್ರಾವಣದಿಂದಲೂ ತೊಳೆಯಬೇಕು. ವಾಸಿಯಾಗದ ಗಿಡವನ್ನು ಚೀಲದಲ್ಲಿ ಕಟ್ಟಿ ತೋಟದಿಂದ ದೂರ ಒಯ್ದು ಸುಡಬೇಕು.

ಇದನ್ನು ಬೆಳೆಸಿ ಮಾರಬಹುದೇ ಎಂದು ಕೇಳುವ ಜಮೀನುದಾರರೂ ಇದ್ದಾರೆ. ಪಟ್ಟಣಕ್ಕೆ ಹತ್ತಿರದಲ್ಲಿರುವವರಿಗೆ ಇದು ಒಂದು ಆದಾಯದ ದಾರಿಯಾಗಬಹುದು. ಅಡಿಕೆ ತೋಟದ ನೆರಳು ಇದಕ್ಕೆ ಹೇಳಿಮಾಡಿಸಿದಂತಿದೆ. ಆದರೆ ಮೇಲೆ ಹೇಳಿದ ಕಾರಣದಿಂದಲೇ ಆ ನೆರಳನ್ನು ಇದಕ್ಕೆ ಕೊಡಬಾರದೆಂದು ನಾವು ಅಭಿಪ್ರಾಯಪಡುತ್ತೇವೆ. ಪಾಮ್‌ಗಳ ನರ್ಸರಿಯನ್ನು ತೋಟದಿಂದ ದೂರದಲ್ಲಿ, ನೆರಳುಬಲೆಯ ಕೆಳಗೆ ಪ್ರತ್ಯೇಕವಾಗಿ ಮಾಡಬೇಕು. ಅಷ್ಟು ಸ್ಥಳವೂ ಬಂಡವಾಳವೂ ಇಲ್ಲದವರು ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು.

ಪರದೇಶದ ಗಿಡವನ್ನೇ ಏಕೆ ಹುಡುಕಬೇಕೆಂಬ ಪ್ರಶ್ನೆಯೂ ಯೋಗ್ಯವಾದುದೇ. ನಮ್ಮ ಪಶ್ಚಿಮ ಘಟ್ಟಗಳ ನಿತ್ಯಹಸಿರು ಕಾಡುಗಳಲ್ಲಿ 'ಪಿನಾಂಗ ಡಿಕ್ಸೋನಿಯೈ' ಎಂಬ ತೆಳುಕಾಂಡದ ಪಾಮ್ ಇದೆ. ಅದು ಅಡಿಕೆಗೆ ನಿಜವಾಗಿಯೂ ಹತ್ತಿರದ ಬಂಧು. ಮೆಳೆಯಾಗಿ ಬೆಳೆಯುವುದು, ದೊಡ್ಡ ಮರಗಳ ನೆರಳಿನಲ್ಲಿಯೇ ಬಾಳುವುದು, ಈ ಘಟ್ಟಗಳನ್ನು ಬಿಟ್ಟು ಪ್ರಪಂಚದ ಬೇರೆಲ್ಲಿಯೂ ಸ್ವಾಭಾವಿಕವಾಗಿ ಇಲ್ಲ. ಇಲಾಖೆಯ ಸಸ್ಯಕ್ಷೇತ್ರಗಳು ಬೀಜದಿಂದ ಇದರ ಸಸಿಗಳನ್ನೆಬ್ಬಿಸಿ ಕುಂಡದಲ್ಲಿ ಪರೀಕ್ಷಿಸುವುದು ಯುಕ್ತವೆಂದು ನಮ್ಮ ಸೂಚನೆ. ಆದರೆ ಈ ಮಾತನ್ನು ಓದಿ ಯಾರೂ ಕಾಡಿಗೆ ಹೋಗಿ ಗಿಡಗಳನ್ನು ಕೀಳಬಾರದು. ಅದು ಕಾನೂನಿಗೂ ವಿರೋಧ, ವಿವೇಕಕ್ಕೂ ವಿರೋಧ. ಮಡಗಾಸ್ಕರಿನ ಗಿಡದ ಸ್ಥಿತಿಯೇ ಇದಕ್ಕೆ ಪಾಠ: ಲೋಕದ ಮನೆಮನೆಗಳಲ್ಲಿ ಲಕ್ಷಗಟ್ಟಲೆ ಕುಂಡಗಳಲ್ಲಿರುವ ಅದು ತನ್ನ ಸ್ವಂತ ನಾಡಿನ ಕಾಡಿನಲ್ಲಿ ಅಪಾಯದ ಸಮೀಪಕ್ಕೆ ಬಂದಿರುವ ಜಾತಿಗಳ ಪಟ್ಟಿಯನ್ನು ಸೇರಿದೆ.

ಕೊನೆಯದಾಗಿ, ಗ್ರಾಮದ ಮುಖಂಡರಲ್ಲಿ ನಮ್ಮ ಅರಿಕೆ ಇಷ್ಟು. ಸಂತೆಗೂ ಜಾತ್ರೆಗೂ ಗಿಡಗಳ ಗಾಡಿ ಬಂದಾಗ, ಪ್ರತಿಯೊಂದು ಗಿಡದ ಮೇಲೆ ಅದರ ಶಾಸ್ತ್ರೀಯ ಹೆಸರನ್ನೂ ಎಲ್ಲಿಂದ ತಂದದ್ದೆಂಬುದನ್ನೂ ಬರೆದು ಅಂಟಿಸಬೇಕೆಂದು ಮಾರುವವರನ್ನು ಕೇಳಿರಿ. ಕೀಟವಿರುವ ಗಿಡಗಳು ಕಂಡುಬಂದರೆ ತಾಲ್ಲೂಕಿನ ತೋಟಗಾರಿಕೆ ಅಧಿಕಾರಿಗಳಿಗೆ ತಿಳಿಸಿರಿ. ಹಿರಿಯರು ಕೇಳಲಾರಂಭಿಸಿದರೆ ವ್ಯಾಪಾರಿಗಳು ಬರೆಯಲಾರಂಭಿಸುವರು. ಎತ್ತನ್ನು ಕೊಳ್ಳುವಾಗ ಹಲ್ಲು, ಸುಳಿ, ಗೊರಸುಗಳನ್ನು ನೋಡದೆ ಹಗ್ಗ ಹಿಡಿಯದಿರುವ ನಮ್ಮ ಜನರು ಗಿಡವನ್ನು ಕೊಳ್ಳುವಾಗಲೂ ಅದೇ ಎಚ್ಚರವನ್ನು ತೋರಿದರೆ, ಜಗುಲಿಯ ಅಂದವೂ ಉಳಿಯುವುದು, ತೋಟದ ಆರೋಗ್ಯವೂ ಉಳಿಯುವುದು.